ಏಳನೇ ತಿರುವಿನ ಎಡಗಡೆ

ಇಂಥದ್ದೊಂದನ್ನು ನಾನು ಬರೆಯಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಸಿಂಧನೂರಿನಲ್ಲಿದ್ದುಕೊಂಡು ಪತ್ರಿಕೆಯೊಂದಕ್ಕೆ ಇಪ್ಪತ್ತು ವರ್ಷಗಳಿಂದ ವರದಿ ಮಾಡುತ್ತಿದ್ದೇನೆ. ಬೇವಿನ ಮರದಿಂದ ಹಾಲು ಸುರಿಯುತ್ತಿದೆ ಎಂದು ಒಂದು ಹಳ್ಳಿಯಿಂದ ಫೋನ್ ಬಂದಾಗ, ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದವನು ನಾನು. ಅದು ಪವಾಡವಲ್ಲ, ಮರಕ್ಕೆ ಬಂದ ರೋಗ ಎಂದು ಮರುದಿನ ಪತ್ರಿಕೆಯಲ್ಲಿ ಬಂತು. ಆ ಹಳ್ಳಿಯಲ್ಲಿ ಇವತ್ತಿಗೂ ನನಗೆ ಯಾರೂ ಚಹಾ ಕೊಡುವುದಿಲ್ಲ. ಕಂಡವರು ಯಾರು, ಯಾವಾಗ ಕಂಡರು, ಇನ್ನೊಬ್ಬರು ಕಂಡಿದ್ದಾರೆಯೇ ಎಂಬ ಮೂರು ಪ್ರಶ್ನೆಗಳ ಮುಂದೆ ಹೆಚ್ಚಿನ ಪವಾಡಗಳು ನಿಲ್ಲುವುದಿಲ್ಲ. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆಯೂ ನನಗೆ ಅರ್ಥವಾಗದೆ ಉಳಿದ ಸಂಗತಿ ಒಂದೇ ಒಂದು. ಅದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಅಕ್ಕ ಗಿರಿಜಾ ಬಟ್ಟೆ ಹೊಲಿಯುತ್ತಾಳೆ. ಕೆಲವು ವರ್ಷಗಳ ಹಿಂದೆ ತುರ್ವಿಹಾಳದಿಂದ ಸಿಂಧನೂರಿಗೆ ಬರುತ್ತಿದ್ದ ಬಸ್ಸಿನಲ್ಲಿ ಎಡಗಡೆ ಕಿಟಕಿಯ ಪಕ್ಕ ಕೂತಿದ್ದಳು. ಎದುರಿಗೆ ಭತ್ತ ತುಂಬಿದ ಟ್ರಾಕ್ಟರ್ ಬಂತು. ನಮ್ಮ ಕಾಲುವೆ ಸೀಮೆಯಲ್ಲಿ ಎದುರು ಲೋಡು ಬಂದರೆ ಸೈಡು ಕೊಡುವುದು ಒಂದು ಮರ್ಯಾದೆ. ಎಡಗಡೆಯ ಚಕ್ರಗಳನ್ನು ಡಾಂಬರಿನಿಂದ ಕೆಳಗೆ ಮಣ್ಣಿಗೆ ಇಳಿಸಿ, ಓರೆಯಾಗಿ ನಿಂತು, ಎದುರಿನವನಿಗೆ ಕೈ ಬೀಸಿ ಕಳಿಸಬೇಕು. ಹಾಗೆ ಮಾಡದವನಿಗೆ ಡ್ರೈವಿಂಗ್ ಬರುವುದಿಲ್ಲವೆಂದು ಅರ್ಥ. ಆ ದಿನ ಮಣ್ಣು ನೆನೆದಿತ್ತು. ಬಸ್ಸು ನಿಧಾನವಾಗಿ, ಯಾರೂ ಕೂಗಿಕೊಳ್ಳುವ ಮೊದಲೇ, ಗದ್ದೆಗೆ ವಾಲಿಕೊಂಡಿತು. ಉಳಿದವರೆಲ್ಲ ಮೈಕೈ ಒರೆಸಿಕೊಂಡು ಎದ್ದರು. ಅಕ್ಕನ ಬೆನ್ನಿಗೆ ಪೆಟ್ಟಾಗಿ ಸೊಂಟದ ಕೆಳಗಿನ ಶಕ್ತಿ ಹೋಯಿತು.

ಆಸ್ಪತ್ರೆಯಿಂದ ಬಂದವಳು ಮತ್ತೆ ಹೊರಗೆ ಹೋಗಲಿಲ್ಲ. ಹೋಗಲಾರದ್ದಕ್ಕಿಂತ ಹೆಚ್ಚಾಗಿ ಹೋಗಲೊಲ್ಲೆ ಎಂದಳು. ಬಾಗಿಲಿಗೆ ಬಂದ ಆಟೋವನ್ನು ಹಾಗೇ ವಾಪಸು ಕಳಿಸುತ್ತಿದ್ದಳು. ಹೊಲಿಗೆ ಮಾತ್ರ ಬಿಡಲಿಲ್ಲ. ಮೆಷಿನ್ನಿಗೆ ಮೋಟಾರು ಕೂರಿಸಿ, ಕಾಲಿನಿಂದ ಒತ್ತುವ ಸ್ವಿಚ್ಚನ್ನು ಮೇಜಿನ ಮೇಲಕ್ಕೆ ತಂದು ಮೊಣಕೈಯಿಂದ ಒತ್ತುವಂತೆ ಮಾಡಿಕೊಟ್ಟವನು ಇಸ್ಮಾಯಿಲ್. ಅವನು ನನ್ನ ಶಾಲೆಯ ಗೆಳೆಯ. ಊರಾಚೆ ಶೆಡ್ಡಿನಲ್ಲಿ ಲಾರಿ, ಟ್ರಾಕ್ಟರ್ ಟ್ರೇಲರ್‌ಗಳಿಗೆ ಬಾಡಿ ಕಟ್ಟುತ್ತಾನೆ.

ಒಂದು ಭಾನುವಾರ ಅಕ್ಕ ಫೋನಿನಲ್ಲಿ ಯಾರೋ ಗುಡ್ಡದ ಹುಲ್ಲುಗಾವಲಿನಲ್ಲಿ ನಿಂತು ತೆಗೆಸಿಕೊಂಡ ಚಿತ್ರವನ್ನು ನೋಡುತ್ತ, "ಇಂಥಾದರ ಮ್ಯಾಲೆ ಕುಂತು ಒಂದು ಚಾ ಕುಡೀಬೇಕು ನೋಡ್ರಿ" ಎಂದಳು. ಸುಮ್ಮನೆ ಬಂದ ಮಾತು. ಆದರೆ ಜೊತೆಗೆ ಕೂತು ಚಹಾ ಕುಡಿಯುತ್ತಿದ್ದ ಇಸ್ಮಾಯಿಲ್ ಲೋಟ ಕೆಳಗಿಟ್ಟ.

"ಅಕ್ಕಾ, ಖರೇ ಬರ್ತೀಯೇನು?"

"ಹ್ಯಾಂಗ ಬರ್ಲೆಪಾ? ತಾಸಿಗೊಮ್ಮೆ ಮಲಗಬೇಕು. ಪಾಯಖಾನಿಗೆ ಹೋಗ್ಬೇಕಂದ್ರ ಇಬ್ಬರು ಎತ್ತಬೇಕು."

"ಮನಿಯಿಂದ ಹೊರಗ ಬರೂದಿಲ್ಲಂದ್ರ ಬ್ಯಾಡ ಬಿಡು. ಮನೀಗೇ ಗಾಲಿ ಹಚ್ತೀನಿ."

ಅವನು ಹೇಳಿದ್ದನ್ನೇ ಮಾಡಿದ. ಶೆಡ್ಡಿನ ಮೂಲೆಯಲ್ಲಿ ಮದುವೆ ದಿಬ್ಬಣ ಹೊತ್ತು ಸವೆದಿದ್ದ ಹಳೆಯ ಮಿನಿ ಬಸ್ಸೊಂದಿತ್ತು. ಸೀಟು ಕಿತ್ತು ಮಂಚ ಹಾಕಿದ. ತಗಡು, ಪ್ಲೈವುಡ್‌ನಿಂದ ಪುಟ್ಟ ಪಾಯಖಾನೆ ಕಟ್ಟಿದ. ಗ್ಯಾಸಿನ ಒಲೆ, ನೀರಿನ ಟ್ಯಾಂಕು ಕೂರಿಸಿದ. ಹಿಂದಿನ ಬಾಗಿಲಿಗೆ ರೈಸ್ ಮಿಲ್ಲಿನಲ್ಲಿ ಹಮಾಲರು ಚೀಲ ಏರಿಸುವ ಉದ್ದನೆಯ ಹಲಗೆಯನ್ನು ಕೀಲು ಹಾಕಿ ಜೋಡಿಸಿದ. ಅದನ್ನು ಇಳಿಬಿಟ್ಟರೆ ಗಾಲಿಕುರ್ಚಿ ನೇರ ಒಳಗೆ. ಗಾಡಿಯ ಬದಲಾವಣೆಗೆ ಸಾರಿಗೆ ಕಚೇರಿಯ ಒಪ್ಪಿಗೆ ತರುವ ಓಡಾಟ ನನ್ನ ಪಾಲಿಗೆ ಬಂತು. ಓಣಿಯವರು ಅದಕ್ಕೆ 'ಮನಿಗಾಡಿ' ಎಂದು ಹೆಸರಿಟ್ಟರು. "ಏನಲೇ ಇಸ್ಮಾಯಿಲ್, ದನದ ಕೊಟ್ಟಿಗಿಗೂ ಗಾಲಿ ಹಚ್ತೀಯೇನು?" ಎಂದು ಕೇಳದೆ ಶೆಡ್ಡು ದಾಟಿದವರಿಲ್ಲ.

ಹೋಗುವುದು ಎಲ್ಲಿಗೆಂದು ಅಕ್ಕನೇ ಹೇಳಿದಳು: ಕುದುರೆಮುಖ ರಾಷ್ಟ್ರೀಯ ಉದ್ಯಾನ. ಆಮೇಲಿನ ಭಾನುವಾರಗಳೆಲ್ಲ ಅವಳ ಬಟ್ಟೆ ಕತ್ತರಿಸುವ ಮೇಜಿನ ಸುತ್ತಲೇ ಕಳೆದವು. ನಾನು ಗಂಟೆ, ನಿಲ್ಲುವ ಜಾಗ, ಹತ್ತಿರದ ಆಸ್ಪತ್ರೆ, ಕಾಡಿನ ಗೇಟು ತೆರೆಯುವ ಹೊತ್ತು ಎಲ್ಲವನ್ನೂ ಬರೆದೆ. ಅಕ್ಕನ ಜೊತೆಗಿರಲು ಒಪ್ಪಿದ್ದವಳು ಇಸ್ಮಾಯಿಲನ ಹೆಂಡತಿ ರಜಿಯಾ. ಅವಳು ಎರಡು ಡಬ್ಬಿ ಒಣ ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಎಂದು ತನ್ನ ಲೆಕ್ಕ ಹೇಳಿದಳು. ಇಸ್ಮಾಯಿಲ್ ನೀರಿನ ಟ್ಯಾಂಕನ್ನು ಇನ್ನೂ ದೊಡ್ಡದು ಮಾಡಬೇಕೆಂದ. ಕಾಲುವೆ ಬಂದ್ ಆದಾಗಿನ ದಿನಗಳನ್ನು ಕಂಡವರು ನಾವು.

"ಅಜಿ, ಅಲ್ಲಿ ಗುಡ್ಡದಾಗಿಂದ ನೀರು ಸುರೀತಾವಂತ. ಮಳಿ ನಾಡಿಗೆ ನೀರು ಹೊತ್ಕೊಂಡು ಹೊಂಟೀಯಲ್ಲ," ಎಂದು ರಜಿಯಾ ಗಂಡನನ್ನು ನೋಡಿ ನಕ್ಕಳು.

"ನಮ್ಮ ನೀರು ನಮಗಿರ್ಲಿ," ಎಂದ ಅವನು. ಟ್ಯಾಂಕು ದೊಡ್ಡದಾಯಿತು.

ಹೊರಡುವ ಮೊದಲು ಲಿಂಗಸುಗೂರಿನವರೆಗೆ ಒಂದು ಟ್ರಾಯಲ್ ಮಾಡೋಣವೆಂದೆ. ಅಕ್ಕ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಗಾಡಿ ಹೊರಟಾಗ ಕಣ್ಣು ಮುಚ್ಚಿ ಮಂಚದ ಸರಳು ಹಿಡಿದಿದ್ದಳು. ಎದುರು ಲಾರಿ ಬಂದಾಗಲೆಲ್ಲ ಇಸ್ಮಾಯಿಲ್ ತನ್ನ ರೂಢಿಯಂತೆ ಎಡಕ್ಕೆ ಮಣ್ಣಿಗಿಳಿದು ಸೈಡು ಕೊಡುತ್ತಿದ್ದ. ಗಾಡಿ ವಾಲಿದಾಗಲೆಲ್ಲ ಅಕ್ಕನ ಬಾಯಿಂದ ಸಣ್ಣ ದನಿ ಬರುತ್ತಿತ್ತು. ಮಸ್ಕಿಯಲ್ಲಿ ಗುಡ್ಡದ ನೆರಳಿನಲ್ಲಿ ನಿಲ್ಲಿಸಿ, ವಾಪಸು ಹೋಗೋಣವೇ ಎಂದು ಕೇಳಿದೆ. ಸರಳು ಬಿಡದೆಯೇ, "ಮುಂದ ನಡೀರಿ" ಎಂದಳು. ಲಿಂಗಸುಗೂರಿನಲ್ಲಿ ಹಲಗೆ ಇಳಿಸಿ ಕುರ್ಚಿಯನ್ನು ನೆಲಕ್ಕೆ ತಂದಾಗ ಹತ್ತು ಜನ ಸೇರಿದರು. ಅವರಲ್ಲೊಬ್ಬ ಹೆಂಗಸು ಅಕ್ಕನ ರವಿಕೆಯ ತೋಳನ್ನು ಮುಟ್ಟಿ ನೋಡಿ, "ಎಲ್ಲಿ ಹೊಲಿಸೀರಿ ಯವ್ವಾ?" ಎಂದು ಕೇಳಿದಳು. "ನಾನೇ ಹೊಲಿದೀನಿ" ಎಂದಾಗ ಅಕ್ಕನ ಮುಖ ನೋಡಬೇಕಿತ್ತು. ಬರುವಾಗ ಅವಳ ಕಣ್ಣು ತೆರೆದಿತ್ತು. ಆದರೂ ಇಳಿದ ಮೇಲೆ ನನ್ನನ್ನು ಒಬ್ಬನನ್ನೇ ಕರೆದು ಹೇಳಿದಳು: "ಇನ್ನೊಮ್ಮೆ ಹಂಗಾತಂದ್ರ, ಸಣ್ಣದೇ ಆಗ್ಲಿ, ನಾ ಮತ್ತ ಈ ಹೊಸ್ತಿಲ ದಾಟೂದಿಲ್ಲ. ಇದು ನಿನಗ ಗೊತ್ತಿರ್ಲಿ."

ಮುಂದಿನ ಭಾನುವಾರ ಮಧ್ಯಾಹ್ನ ನಾನು ಹೋದಾಗ ಅಕ್ಕ ಗಾಡಿಯ ಪರದೆಗೆಂದು ಲೈನಿಂಗ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಿಕೊಂಡಿದ್ದಳು. ಕೈಯಲ್ಲಿ ಗುರುತು ಹಾಕುವ ಚಾಕ್ ಇತ್ತು. ಪರದೆಗೆ ಬೇಕಾದ್ದು ನೇರ ಗೆರೆ. ಬಟ್ಟೆಯ ಮೇಲಿದ್ದದ್ದು ಒಂದು ಅಂಕುಡೊಂಕು ಗೆರೆ. ಕೆಳತುದಿಯಲ್ಲಿ ಅಡ್ಡಗೀಟು, ಅಲ್ಲಿಂದ ಮೇಲಕ್ಕೆ ಹನ್ನೊಂದು ತಿರುವು. ಆರನೆಯದು ರವಿಕೆಯ ಕಂಕುಳಿನ ಹಾಗೆ ಪೂರಾ ಸುತ್ತಿ ಬಂದಿತ್ತು. ಏಳನೆಯದರ ಎಡಗಡೆ ಮಾತ್ರ ಗೆರೆಯ ಪಕ್ಕ ಇನ್ನೊಂದು ಗೆರೆ. ಹೊಲಿಯುವವರು ಹಾಗೆ ಜೋಡಿಗೆರೆ ಹಾಕಿದರೆ, ಇಲ್ಲಿ ಅಂಚಿನವರೆಗೆ ಹೋಗಬೇಡ, ಒಳಗೆ ಬಟ್ಟೆ ಬಿಡು ಎಂದು ಅರ್ಥ.

"ಇದೇನಕ್ಕಾ?"

"ದಾರಿ ಇರಬೇಕು. ಇದು ಕಾಡಿನ ಗೇಟು."

"ಯಾವ ದಾರಿ? ಯಾರು ತೋರಿಸಿದ್ರು?"

"ಯಾರೂ ಇಲ್ಲೋ. ನೀ ಬರೋ ತನಕ ಸುಮ್ಮ ಕುಂತಿದ್ದೆ. ಕೈ ತಾನ ಹೋತು."

"ಇಲ್ಲಿ ಒಂದ ಕಡೆ ಯಾಕ ಎರಡು ಗೆರಿ?"

ಅವಳು ಬಟ್ಟೆಯನ್ನು ಹತ್ತಿರ ಎಳೆದುಕೊಂಡು, ತನಗೂ ಆಗಲೇ ಕಂಡಿತೆಂಬಂತೆ ನೋಡಿದಳು. "ಗೊತ್ತಿಲ್ಲ," ಎಂದಳು. ಅಭ್ಯಾಸಬಲದಿಂದ ಫೋನಿನಲ್ಲಿ ಅದರದೊಂದು ಫೋಟೊ ತೆಗೆದೆ. ಅವಳು ಕೈಯಿಂದ ಚಾಕ್ ಪುಡಿ ಕೊಡವಿ ನೇರ ಗೆರೆ ಎಳೆದು ಕತ್ತರಿಸಿದಳು. ನಾವು ಆಮೇಲೆ ಬೇರೆ ಮಾತಿಗೆ ಹೋದೆವು.

ಸುಮಾರು ಮೂರು ವಾರಗಳ ಬಳಿಕ ಹೊರಟೆವು. ಓಣಿಯ ಹೆಂಗಸರು ಗಾಡಿಗೆ ಅರಿಶಿನ ಕುಂಕುಮ ಹಚ್ಚಿದರು, ಇಸ್ಮಾಯಿಲನ ತಾಯಿ ಬಾಗಿಲಿಗೆ ತಾಯಿತ ಕಟ್ಟಿದರು. ಶಿವಮೊಗ್ಗದಲ್ಲಿ ಒಂದು ರಾತ್ರಿ, ಕಳಸದಲ್ಲಿ ಇನ್ನೊಂದು ರಾತ್ರಿ ಕಳೆದೆವು. ದಾರಿಯುದ್ದಕ್ಕೂ ತೊರೆಗಳನ್ನು ಕಂಡು ರಜಿಯಾ, "ಅಜಿ, ನಮ್ಮ ನೀರು ಇನ್ನೂ ಐತಿಲ್ಲ?" ಎಂದು ಗಂಡನನ್ನು ಕೆಣಕುತ್ತಿದ್ದಳು. ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಹಿಂದಿನ ಗಾಜಿನಿಂದ ನೋಡುತ್ತಿದ್ದಳು. ಮುಂದೆ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ.

ಬೆಳಿಗ್ಗೆ ಕಾಡಿನ ಗೇಟಿನಲ್ಲಿ ಹೊತ್ತು ನಮೂದಿಸಿದ ಚೀಟಿ ಪಡೆದು ಒಳಗೆ ಹೋದೆವು. ನಾನು ಮುಂದೆ, ಗಾಡಿ ಓಡಿಸುತ್ತಿದ್ದ ಇಸ್ಮಾಯಿಲನ ಪಕ್ಕ ಕೂತಿದ್ದೆ. ಗೇಟು ಎಂಬ ಮಾತಿನಿಂದ ನೆನಪಾಗಿ, ತಮಾಷೆಗೆಂದೇ ಫೋನಿನಲ್ಲಿ ಆ ಫೋಟೊ ತೆರೆದೆ. ಮೊದಲ ತಿರುವು ಎಡಕ್ಕೆ, ಸರಿ. ಎರಡನೆಯದು ಬಲಕ್ಕೆ, ಸರಿ. ಎಡದ ನಂತರ ಬಲ ಬರುವುದು ಗುಡ್ಡದ ದಾರಿಯ ಗುಣ, ಅದರಲ್ಲಿ ವಿಶೇಷವೇನಿಲ್ಲ. ಮೂರು, ನಾಲ್ಕು, ಐದು ಕೂಡ ಹೊಂದಿದವು. ಆರನೆಯದು ಪೂರಾ ಸುತ್ತಿ ಬಂತು. ಆಗ ನಾನು ನೇರವಾಗಿ ಕೂತೆ. ಭಯವಲ್ಲ, ಎಲ್ಲೋ ಒಂದು ತಪ್ಪು ಲೆಕ್ಕ ಇರಬೇಕೆಂಬ ಕಿರಿಕಿರಿ.

ಏಳನೆಯ ತಿರುವಿನಲ್ಲಿ ಬಲಕ್ಕೆ ಬಂಡೆ, ಎಡಕ್ಕೆ ಕಣಿವೆ. ರಸ್ತೆಯಂಚಿನಲ್ಲಿ ಒಂದಾಳಗಲ ಹುಲ್ಲು, ನೋಡಲು ಗಟ್ಟಿ ನೆಲವೇ. ಮೇಲಿನಿಂದ ಬಸ್ಸೊಂದು ಇಳಿದು ಬಂತು. ಇಸ್ಮಾಯಿಲನ ಕೈ ಮೂವತ್ತು ವರ್ಷದ ರೂಢಿಯಂತೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸತೊಡಗಿತು.

"ಇಸ್ಮಾಯಿಲ್, ಎಡಕ್ಕ ಇಳೀಬ್ಯಾಡ! ನಿಲ್ಸು!"

ಕೂಗಿದವನು ನಾನೇ. ಅವನು ಬೆಚ್ಚಿ ಬ್ರೇಕು ಒತ್ತಿದ. ಗಾಡಿ ರಸ್ತೆಯ ನಡುವೆಯೇ ನಿಂತಿತು. ಬಸ್ಸು ಎದುರಿಗೆ ಬಂದು ನಿಂತು ಹಾರ್ನ್ ಹೊಡೆಯಿತು.

"ಯಾಕಲೇ? ಪಾಪ, ಸೈಡ ಕೊಡಬ್ಯಾಡ್ದೇನು?" ಎಂದ ಇಸ್ಮಾಯಿಲ್.

"ಬ್ಯಾಡ."

"ಯಾಕ ಬ್ಯಾಡ?"

ನಾನು ಫೋನಿನಲ್ಲಿದ್ದ ಗೆರೆಯನ್ನೊಮ್ಮೆ, ರಸ್ತೆಯಂಚನ್ನೊಮ್ಮೆ ನೋಡಿದೆ. ಬಸ್ಸಿನಿಂದ ಕಂಡಕ್ಟರ್ ಇಳಿದು ಬಂದ. "ಏನ್ರೀ ನೀವು, ಮಧ್ಯ ರಸ್ತೇಲಿ ಮನೆ ಮಾಡ್ಕೊಂಡು ನಿಂತಿದೀರಾ? ಸ್ವಲ್ಪ ಆ ಕಡೆ ತಗೊಳ್ಳಿ. ಅಷ್ಟು ಜಾಗ ಇದೆಯಲ್ಲ!" ಎಂದು ರೇಗಿ, ಜಾಗ ತೋರಿಸಲು ತಾನೇ ಎಡದಂಚಿಗೆ ನಡೆದು ಡಾಂಬರನ್ನು ಕಾಲಿನಿಂದ ಒದ್ದ.

ಊಟದ ತಟ್ಟೆಯಷ್ಟಗಲದ ಡಾಂಬರು ಮುರಿದು ಕೆಳಗೆ ಹೋಯಿತು. ಬಿದ್ದ ಸದ್ದು ಬರಲು ಹೊತ್ತಾಯಿತು. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಹಾರಿ, ನೆಲದ ಮೇಲೆ ಮಲಗಿ ಅಂಚಿನಿಂದ ಇಣುಕಿದ. ನಾನೂ ಗಾಡಿಯಿಂದಿಳಿದು ಹೋಗಿ ಇಣುಕಿದೆ. ಹುಲ್ಲು, ಮೇಲಿನ ಪದರ, ಜೋತುಬಿದ್ದ ಬೇರು ಇಷ್ಟೇ ಇದ್ದವು. ಕೆಳಗೆ ಮಣ್ಣೇ ಇರಲಿಲ್ಲ. ತುಂಬಿದ ಟ್ಯಾಂಕಿನ ಭಾರ ಹೊತ್ತ ನಮ್ಮ ಗಾಡಿ ಅಲ್ಲಿ ಒಂದು ಚಕ್ರ ಇಳಿಸಿದ್ದರೂ ಕಣಿವೆಗೆ ಉರುಳುತ್ತಿತ್ತು.

ಬಸ್ಸಿನ ಡ್ರೈವರ್ ಹಿರಿಯ ಮನುಷ್ಯ. ಇಳಿದು ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಹದಿನೈದು ದಿನದ ಹಿಂದೆ ನಾನೇ ಇದರ ಮೇಲೆ ಹತ್ತಿಸಿದೀನಿ ಮಾರಾಯ್ರೆ. ನಿಮಗೆ ಯಾರು ಹೇಳಿದ್ರು?"

ಎಲ್ಲರೂ ನನ್ನ ಕಡೆ ನೋಡಿದರು. ಜನರನ್ನು ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವನು ನಾನು. ಫೋನ್ ಜೇಬಿಗೆ ಹಾಕಿಕೊಂಡು, "ಅನುಮಾನ ಬಂತು" ಎಂದೆ.

ಒಳಗೆ ಹೋಗಿ ಅಕ್ಕನಿಗೆ ಸುಳ್ಳು ಹೇಳಬೇಕೆಂದಿದ್ದೆ. ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಫೋಟೊ ತೋರಿಸಿದೆ. ಇಲ್ಲಿಗೆ ಮುಗಿಯಿತು, ಇನ್ನು ಇವಳು ಹೊಸ್ತಿಲು ದಾಟುವುದಿಲ್ಲ ಎಂದುಕೊಂಡೆ. ಅವಳು ಫೋಟೊ ನೋಡಿದಳು, ಕಿಟಕಿಯಿಂದ ಆ ಅಂಚನ್ನು ನೋಡಿದಳು.

"ಬೀಳಲಿಲ್ಲಲ್ಲ?"

"ಇಲ್ಲ."

"ಹಂಗಾರ ನನ್ನ ಮುಂದ ಕುಂದ್ರಸ್ರಿ."

"ಅಕ್ಕಾ, ಮುಂದಂದ್ರ ಎಡಗಡಿ ಸೀಟು. ಕಣಿವಿ ಕಾಣ್ತದ," ಎಂದಳು ರಜಿಯಾ.

"ಕಾಣಲೆವ್ವಾ. ಎಷ್ಟು ವರ್ಷ ಹಿಂದಿನ ಗಾಜಿನ್ಯಾಗ ನೋಡ್ಲಿ?"

ಇಸ್ಮಾಯಿಲ್ ಮತ್ತು ರಜಿಯಾ ಅವಳನ್ನು ಎತ್ತಿ ಮುಂದಿನ ಸೀಟಿಗೆ ತಂದು, ಬೆನ್ನಿಗೆ ದಿಂಬು ಕೊಟ್ಟು, ಬೆಲ್ಟು ಬಿಗಿದರು. ಬಸ್ಸಿನ ಡ್ರೈವರ್ ಇನ್ನೂ ಅಲ್ಲೇ ನಿಂತಿದ್ದರು. ನಡೆಯಲಾರದ ಈ ಹೆಂಗಸನ್ನು ಕರೆದುಕೊಂಡು ಸಿಂಧನೂರಿನಿಂದ ಬಂದಿದ್ದೇವೆಂದು ತಿಳಿದು, ಹೋಗಿ ತಮ್ಮ ಬಸ್ಸನ್ನು ಹಿಮ್ಮುಖವಾಗಿ ಏರು ಹತ್ತಿಸಿ ಅಗಲದ ಜಾಗದಲ್ಲಿ ನಿಲ್ಲಿಸಿಕೊಂಡರು. ಗುಡ್ಡದಲ್ಲಿ ಹತ್ತುವವನಿಗೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮ ನಮಗೆ ತಿಳಿದದ್ದು ಅವತ್ತೇ. ಇಸ್ಮಾಯಿಲ್ ಬಂಡೆಗೆ ಅಂಟಿಕೊಂಡಂತೆ ಗಾಡಿ ಓಡಿಸಿದ. ನಾವು ದಾಟುವಾಗ ಬಸ್ಸಿನ ಕಿಟಕಿಗಳಿಂದ ಜನ ಕೈ ಬೀಸಿದರು, ಯಾರೋ ಶಿಳ್ಳೆ ಹೊಡೆದರು. ಅಕ್ಕ ಮೆರವಣಿಗೆಯಲ್ಲಿ ಕೂತವಳ ಹಾಗೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದಳು.

ಉಳಿದ ನಾಲ್ಕು ತಿರುವುಗಳನ್ನು ಅವಳು ಕಿಟಕಿಯ ಗಾಜು ಪೂರಾ ಇಳಿಸಿಕೊಂಡು ನೋಡಿದಳು. ನಾನು ಹಿಂದೆ, ಅವಳ ಮಂಚದ ಮೇಲೆ, ಸರಳು ಹಿಡಿದುಕೊಂಡಿದ್ದೆ. ನಿಲ್ಲಲು ಅನುಮತಿಯಿದ್ದ ಜಾಗದಲ್ಲಿ ಹಲಗೆ ಇಳಿಯಿತು, ಕುರ್ಚಿ ಇಳಿಯಿತು. ಕಣ್ಣು ಹೋಗುವಷ್ಟು ದೂರ ಹಸಿರು ಗುಡ್ಡ, ಅದರ ಮೇಲೆ ಮೋಡದ ನೆರಳು ಸರಿಯುತ್ತಿತ್ತು. ರಜಿಯಾ ಒಳಗೆ ಚಹಾ ಮಾಡಿ ತಂದಳು. ಅಕ್ಕ ಒಂದು ಗುಟುಕು ಕುಡಿದು, "ಸಕ್ರಿ ಕಮ್ಮಿ ಆಗೈತಿ ರಜಿಯಾ" ಎಂದು ಹೇಳಿ, ಜೋರಾಗಿ ನಗತೊಡಗಿದಳು. ಬಸ್ಸು ಬಿದ್ದಂದಿನಿಂದ ಆ ನಗೆ ನಾನು ಕೇಳಿರಲಿಲ್ಲ. ಇಸ್ಮಾಯಿಲ್ ಗಾಡಿಯ ಹಿಂದೆ ಹೋಗಿ ನಿಂತ. ಕಣ್ಣೊರೆಸಿಕೊಳ್ಳಲು ಹೋದನೆಂದು ಎಲ್ಲರಿಗೂ ಗೊತ್ತಿತ್ತು.

ಊರಿಗೆ ಬಂದ ಮೇಲೆ ನಾನು ನನ್ನ ಕೆಲಸ ಮಾಡಿದೆ. ಅಕ್ಕ ಫೋನಿನಲ್ಲಿ ಆ ರಸ್ತೆಯ ವಿಡಿಯೊ ನೋಡಿರಬಹುದೇ? ನೋಡಿರಬಹುದು, ಆ ದಿನಗಳಲ್ಲಿ ಗುಡ್ಡದ ವಿಡಿಯೊಗಳನ್ನು ಬೇಕಾದಷ್ಟು ನೋಡಿದ್ದಳು. ತಿರುವುಗಳ ಮಟ್ಟಿಗೆ ಆ ವಿವರಣೆ ಸಾಕು. ಎಡದಂಚಿನ ಭಯವೂ ಅವಳಿಗೆ ಹೊಸದಲ್ಲ, ಅವಳ ಬಸ್ಸು ವಾಲಿದ್ದೂ ಎಡಕ್ಕೇ. ಆದರೆ ಆ ಎರಡನೇ ಗೆರೆಯನ್ನು ಭಯ ಎಳೆದಿದ್ದರೆ ಹನ್ನೊಂದು ತಿರುವಿಗೂ ಎಳೆಯಬೇಕಿತ್ತು. ರಸ್ತೆ ದುರಸ್ತಿಗೆ ಬಂದವರಲ್ಲಿ ಒಬ್ಬರ ನಂಬರ್ ಸಂಪಾದಿಸಿ ಕೇಳಿದೆ. ನೀವು ಬರುವ ಹಿಂದಿನ ವಾರದ ಮಳೆಗೆ ಕೆಳಗಿನ ಮಣ್ಣು ಜಾರಿದೆ, ಅದಕ್ಕಿಂತ ಮೊದಲು ಅಲ್ಲಿ ಗಟ್ಟಿಯಾಗಿಯೇ ಇತ್ತು ಎಂದರು. ಇನ್ನಿಬ್ಬರನ್ನು ಕೇಳಿದೆ, ಅವರೂ ಅದನ್ನೇ ಹೇಳಿದರು. ನನ್ನ ಫೋಟೊ ಅದಕ್ಕೂ ಎರಡು ವಾರ ಹಿಂದಿನದು. ಹೊತ್ತು, ತಾರೀಖು ಫೋನಿನಲ್ಲಿ ಹಾಗೇ ಇವೆ.

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಅವಳ ಕೈ ತಾನಾಗಿ ಹೋಯಿತು, ಇರಲಿ. ನನ್ನ ಬಾಯಿ? ಆ ಗೆರೆಯನ್ನು ನಾನು ನಂಬಿರಲಿಲ್ಲ. ನಂಬದ ಒಂದು ಮಾತನ್ನು ಅಷ್ಟು ಗಟ್ಟಿಯಾಗಿ ಯಾಕೆ ಕೂಗಿದೆ? ಪ್ರವಾಸದ ಬಗ್ಗೆ ಪತ್ರಿಕೆಗೆ ಒಂದು ಲೇಖನ ಬರೆದೆ. ಗಾಡಿ, ಹಲಗೆ, ಗುಡ್ಡದ ಮೇಲಿನ ಚಹಾ ಎಲ್ಲ ಅದರಲ್ಲಿತ್ತು. ಏಳನೇ ತಿರುವು ಇರಲಿಲ್ಲ. ಕಣ್ಣಾರೆ ಕಂಡದ್ದನ್ನು ನಾನು ವರದಿಯಿಂದ ಬಿಟ್ಟದ್ದು ಅದೊಂದೇ ಸಲ.

ಅಕ್ಕನಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ನಾನು ಮತ್ತೆ ಮತ್ತೆ ಕೆದಕಿದರೆ, "ಅಷ್ಟು ವರ್ಷ ಮಲಗಿದಲ್ಲೇ ದಾರಿ ನೋಡಿದಾಕಿಗೆ ಒಂದು ತಿರುವು ಕಂಡ್ರ, ನಿನಗ್ಯಾಕೋ ಹೊಟ್ಟಿಕಿಚ್ಚು?" ಎನ್ನುತ್ತಾಳೆ. ಈಗ ವಾರಕ್ಕೊಮ್ಮೆ ಮನಿಗಾಡಿಯಲ್ಲಿ ಮಸ್ಕಿಗೂ ಲಿಂಗಸುಗೂರಿಗೂ ಹೋಗಿ ಅಳತೆ ತೆಗೆದುಕೊಂಡು, ಹೊಲಿದದ್ದನ್ನು ಕೊಟ್ಟು ಬರುತ್ತಾಳೆ. ಪ್ರತಿ ವರ್ಷ ಒಂದು ದೂರದ ಪ್ರಯಾಣ ಆಗಲೇಬೇಕು. ಹೊರಡುವ ಬೆಳಿಗ್ಗೆ ನಾನು ಇನ್ನೂ ದಾರಿಯ ಪಟ್ಟಿಯನ್ನು ಎರಡನೇ ಸಲ ಓದುತ್ತಿರುತ್ತೇನೆ. ಮುಂದಿನ ಎಡಗಡೆ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡ ಅಕ್ಕ, ಬಟ್ಟೆ ಅಳೆಯುವ ಕಟ್ಟಿಗೆಯ ಸ್ಕೇಲನ್ನು ಸ್ಟೀರಿಂಗಿನವರೆಗೆ ಚಾಚಿ, ಓಣಿಗೆಲ್ಲ ಕೇಳುವಂತೆ ಹಾರ್ನ್ ಒತ್ತುತ್ತಾಳೆ.